ಅಪ್‌ಡೇಟ್: ಮಗಳ ಬ್ಯಾಟಿಗೆ ಚೆಂಡು ಸಿಗ್ತಿದೆ!

6ನೇ ಕ್ಲಾಸಿನ ಮಗಳು ಸಾಫ್ಟ್‌ಬಾಲಲ್ಲಿ (ಬೇಸ್‌ಬಾಲ್ ತರದ ಆಟ) ಪ್ರತಿ ಸಲ ತಡವಾಗಿ ಬ್ಯಾಟು ಬೀಸ್ತಾಳೆ, ಏನು ಮಾಡ್ಲಿ ಅಂತ ಹನ್ನೆರಡು ದಿನದ ಹಿಂದೆ ತೀರ್ಥಹಳ್ಳಿಯಿಂದ ಕೇಳಿದ್ದೆ.

ಹಗುರ ಬ್ಯಾಟು ತಂದ್ವಿ, ಪ್ರಯೋಜನ ಆಗ್ಲಿಲ್ಲ. ಟೀ ಅನ್ನೋ ಗೂಟದ ಮೇಲೆ ಚೆಂಡಿಟ್ಟು ಹೊಡೆಸಿದ್ರೆ ಹೊಡೆತವೇನೋ ಚೆಂದ ಆಯ್ತು, ಆದ್ರೆ ನಿಂತ ಚೆಂಡಿಂದ ಟೈಮಿಂಗ್ ಎಲ್ಲಿ ಬರತ್ತೆ?

ಫಲ ಕೊಟ್ಟಿದ್ದು ಸಾಗರದವರೊಬ್ಬರ ಮಾತು: "ಕೈ ಅಲ್ಲ, ಮುಂದಿನ ಕಾಲು ನೋಡಿ." ಫೋನಲ್ಲಿ ಸ್ಲೋ ಮೋಷನ್ ವಿಡಿಯೊ ತೆಗೆದೆ. ಚೆಂಡು ಅರ್ಧ ದಾರಿ ಬಂದ್ಮೇಲೆ ಅವಳ ಕಾಲು ಏಳ್ತಿತ್ತು! ಪಿಚರ್ (ಚೆಂಡು ಎಸೆಯೋರು) ಕೈ ಸುತ್ತಿ ತಲೆ ಮೇಲೆ ಬಂದಾಗಲೇ ಕಾಲೆತ್ತು, ಸೊಂಟದ ಹತ್ತಿರ ಚೆಂಡು ಬಿಟ್ಟ ಕೂಡಲೇ ಕಾಲು ಊರು ಅಂದೆ. ಮಳೆ ಬಿಡ್ಲಿಲ್ಲ, ಜಗಲಿಯಲ್ಲೇ ಚೆಂಡಿಲ್ಲದೆ ಅಭ್ಯಾಸ. ನಾನು ಕೈ ಸುತ್ತೋದು, ಅವಳು ಕಾಲೂರೋದು, ದಿನಾ 30 ಸಲ.

ಮೂಲ ಏನು ಗೊತ್ತಾ? ಅಣ್ಣನ ಜೊತೆ ಅಂಗಳದಲ್ಲಿ ಆಡಿದ ಕ್ರಿಕೆಟ್. ಅಲ್ಲಿ ಚೆಂಡು ಪುಟಿಯೋವರೆಗೆ ಕಾದು ರೂಢಿ. ಇಲ್ಲಿ ಪುಟಿಯೋದೇ ಇಲ್ಲ, ಎಸೆಯೋ ದೂರವೂ ಕಮ್ಮಿ: ಕ್ರಿಕೆಟ್ ಪಿಚ್ 20.12 ಮೀಟರ್, ಸಾಫ್ಟ್‌ಬಾಲಲ್ಲಿ ದೊಡ್ಡ ಹೆಂಗಸರಿಗೇ 13.11.

ನಿನ್ನೆ ಶಾಲೆ ಮೈದಾನದಲ್ಲಿ ಹತ್ತಕ್ಕೆ ಆರು ಹೊಡೆದ್ಲು. ನಿಧಾನದ ಚೆಂಡಿಗೆ ಮಾತ್ರ ಈಗ ಬೇಗ ಬೀಸ್ತಾಳೆ, ಇನ್ನು ಅದನ್ನ ನೋಡ್ಬೇಕು.