‘ಕಾತಾ’ಗೆ ಕನ್ನಡದಲ್ಲಿ ಏನನ್ನೋಣ: ಸವಿಯುವುದೋ, ರುಚಿ ನೋಡುವುದೋ?

ಗೆಳೆಯರೇ,

ಅರ್ಜೆಂಟೀನಾದ ಮೆಂಡೋಸಾಕ್ಕೆ ಹೊರಟಿರುವ ಹತ್ತು-ಹನ್ನೆರಡು ಮಂದಿ ಕನ್ನಡದ ಹಿರಿಯರಿಗೆ ಒಂದು ಚಿಕ್ಕ ಕೈಪಿಡಿ ಬರೆದುಕೊಡುತ್ತಿದ್ದೇನೆ. ಊರು, ಹವೆ, ಊಟ ಎಲ್ಲ ಬರೆದಾಯಿತು. ವೈನಿನ ಕೆಲವು ಪದಗಳ ಹತ್ತಿರ ನಿಂತುಬಿಟ್ಟಿದ್ದೇನೆ. ಅಲ್ಲಿಗೆ ಹೋದವರು ಬೊದೇಗಾಗಳಿಗೆ, ಅಂದರೆ ವೈನ್ ಮಾಡುವ ಮನೆಗಳಿಗೆ ಹೋಗಿ, ನಾಲ್ಕೈದು ಬಗೆಯ ವೈನನ್ನು ಒಂದೊಂದು ಗುಟುಕು ಬಾಯಿಗೆ ಹಾಕಿ ಪರೀಕ್ಷಿಸುತ್ತಾರೆ. ಸ್ಪ್ಯಾನಿಶ್‌ನಲ್ಲಿ ಅದಕ್ಕೆ ‘ಕಾತಾ’ ಎನ್ನುತ್ತಾರೆ. ಕನ್ನಡದ ಪ್ರವಾಸ ಬರಹಗಳಲ್ಲಿ ‘ವೈನ್ ಆಸ್ವಾದನೆ’, ‘ವೈನ್ ಸವಿಯುವ ಅನುಭವ’ ಎಂಬ ಮಾತುಗಳು ಕಾಣುತ್ತವೆ. ಎರಡೂ ನನಗೆ ಒಪ್ಪಿಗೆಯಾಗುತ್ತಿಲ್ಲ. ಯಾಕೆಂದು ಹೇಳುತ್ತೇನೆ, ತಪ್ಪಿದ್ದರೆ ತಿದ್ದಿ.

ಎರಡು ವರ್ಷದ ಹಿಂದೆ ಅಕ್ಕನನ್ನು ಮೆಂಡೋಸಾಕ್ಕೆ ಕರೆದುಕೊಂಡು ಹೋಗಿದ್ದೆ. ಸಾಗರದ ಕಡೆಯ ತೋಟದ ಮನೆಯವಳು, ಜೀವಮಾನದಲ್ಲಿ ಮದ್ಯ ಮುಟ್ಟಿದವಳಲ್ಲ. ಊರಿಗೆ ಹತ್ತಿರದ ಮೈಪು ಎಂಬಲ್ಲಿ ಒಂದು ಬೊದೇಗಾದ ಬಾಗಿಲಲ್ಲೇ ನಿಂತಳು. “ಕುಡಿಯೋಕೆ ನಾನು ಬರಲ್ಲ ಕಣೋ” ಅಂದಳು. “ಕುಡಿಯೋದಲ್ಲ ಅಕ್ಕ, ಬರೀ ರುಚಿ ನೋಡೋದು, ನೋಡಿ ಉಗುಳಬಹುದು” ಅಂದೆ. “ಹಾಗಾದ್ರೆ ಸರಿ, ಉಪ್ಪು ನೋಡಿದ ಹಾಗೆ” ಅಂತ ಒಳಗೆ ಬಂದಳು. ಅವತ್ತು ನಾನು ‘ಸವಿಯೋಕೆ’ ಅಂದಿದ್ದರೆ ಅವಳು ಬಾಗಿಲು ದಾಟುತ್ತಿರಲಿಲ್ಲ. ಸವಿಯುವುದರಲ್ಲಿ ನುಂಗುವುದೂ ಇದೆ, ಸುಖವೂ ಇದೆ. ಆಸ್ವಾದನೆಯಲ್ಲೂ ಅಷ್ಟೇ. ರುಚಿ ನೋಡುವವರು ಪರೀಕ್ಷೆ ಮಾಡುವವರು. ಸಾರಿಗೆ ಉಪ್ಪು ಸಾಕೋ ಬೇಕೋ ಎಂದು ಅಂಗೈಗೆ ನಾಲ್ಕು ಹನಿ ಹಾಕಿಕೊಂಡು ನೋಡುವವರನ್ನು ಊಟ ಮಾಡಿದರು ಎನ್ನುವುದಿಲ್ಲವಲ್ಲ.

ಆಮೇಲೆ ಸ್ಪ್ಯಾನಿಶ್ ನಿಘಂಟು ತೆಗೆದು ನೋಡಿದಾಗ ಮೈ ಜುಮ್ಮೆಂದಿತು. ‘ಕಾತಾ’ ಬಂದಿರುವುದು ‘ಕತಾರ್’ ಎಂಬ ಕ್ರಿಯಾಪದದಿಂದ. ಈಗ ಅದಕ್ಕೆ ರುಚಿ ನೋಡು ಎಂದರ್ಥ, ಆದರೆ ಹಳೆಯ ಸ್ಪ್ಯಾನಿಶ್‌ನಲ್ಲಿ ಅದರರ್ಥ ‘ನೋಡು’ ಎಂದೇ. ದುರ್ಬೀನಿಗೆ ಅವರು ಇವತ್ತಿಗೂ ‘ಕತಾಲೇಹೊ’ ಎನ್ನುತ್ತಾರೆ, ಅಂದರೆ ದೂರ ನೋಡುವುದು. ಕಣ್ಣಿನ ಕೆಲಸದ ಪದವೇ ನಾಲಿಗೆಯ ಪರೀಕ್ಷೆಗೂ ಬಂದಿದೆ. ನಮ್ಮ ‘ಉಪ್ಪು ನೋಡು’, ‘ರುಚಿ ನೋಡು’ ಹೇಗೋ ಹಾಗೆಯೇ! ಇಷ್ಟು ಹತ್ತಿರದ ಪದ ಮನೆಯಲ್ಲೇ ಇರುವಾಗ ಸಂಸ್ಕೃತದಿಂದ ನಾಮಪದ ಯಾಕೆ ತರಬೇಕು?

ಅಲ್ಲಿನ ಫಲಕಗಳಲ್ಲಿ ‘ದೆಗುಸ್ತಾಸಿಯೋನ್’ ಎಂಬ ಇನ್ನೊಂದು ಪದವೂ ಇರುತ್ತದೆ. ತಟ್ಟೆಯಲ್ಲಿ ತಿಂಡಿ ಇಟ್ಟು, ನಿಧಾನವಾಗಿ ಕುಡಿಸಿ ಖುಷಿಪಡಿಸುವುದಕ್ಕೆ ಹೆಚ್ಚಾಗಿ ಅದನ್ನು ಬಳಸುತ್ತಾರೆ. ‘ಸವಿ’ ಆ ಪದಕ್ಕೆ ಸರಿಯಾಗಿ ಕೂರುತ್ತದೆ. ಅದನ್ನು ಅಲ್ಲಿಗೆ ಬಿಡೋಣ.

ಇನ್ನು ‘ತನೀನೊಸ್’, ಅಂದರೆ ಟ್ಯಾನಿನ್, ಬಾಯಿ ಒಗರಾಗಿಸುವ ವಸ್ತು. ಅವತ್ತು ಮೈಪುವಿನಲ್ಲಿ ಮೊದಲು ಕೊಟ್ಟದ್ದು ತೊರೊಂತೆಸ್ ಎಂಬ ಬಿಳಿ ವೈನ್, ಮಲ್ಲಿಗೆಯಂಥ ಘಮ. ಅಕ್ಕ ಮೂಸಿ ನೋಡಿ ತಲೆಯಾಡಿಸಿದಳು. ಆಮೇಲೆ ಬಂತು ಆ ಊರಿನ ಹೆಮ್ಮೆಯ ಮಾಲ್ಬೆಕ್. ಮೂಲತಃ ಅದು ಫ್ರಾನ್ಸಿನ ಬಳ್ಳಿ. 1853ರಲ್ಲಿ ಅರ್ಜೆಂಟೀನಾದಲ್ಲಿ ಸಸ್ಯತೋಟ ಕಟ್ಟುವ ಹೊಣೆ ಹೊತ್ತ ಮಿಶೆಲ್ ಎಮೆ ಪುಜೆ ಎಂಬ ಫ್ರೆಂಚ್ ಕೃಷಿತಜ್ಞ ಅದನ್ನು ಅಲ್ಲಿಗೆ ತಂದ. ಲೋಟವನ್ನು ಬಿಳಿ ಕಾಗದದ ಮೇಲೆ ಓರೆ ಹಿಡಿದರೆ ಬಣ್ಣ ಥೇಟ್ ನೇರಳೆ ಹಣ್ಣಿನದು. ಅಕ್ಕ ಒಂದು ಗುಟುಕು ಬಾಯಲ್ಲಿ ಮುಕ್ಕಳಿಸಿ, ಉಗುಳಿ, ಮುಖ ಕಿವುಚಿ, “ಹಸಿ ಅಡಿಕೆ ಜಗಿದ ಹಾಗಿದೆ ಕಣೋ, ನಾಲಿಗೆಯೆಲ್ಲ ಒಗರು” ಅಂದಳು. ವಿವರಿಸುತ್ತಿದ್ದ ಹುಡುಗಿಗೆ ಅದನ್ನು ನನಗೆ ಬಂದಷ್ಟು ಸ್ಪ್ಯಾನಿಶ್‌ನಲ್ಲಿ ಹೇಳಿದೆ. ಅಡಿಕೆಯಲ್ಲಿರುವುದೂ ಟ್ಯಾನಿನ್ನೇ. ದ್ರಾಕ್ಷಿಯ ಸಿಪ್ಪೆ, ಬೀಜಗಳಿಂದ ಬರುವ ಅದು ಜೊಲ್ಲಿನ ಪ್ರೋಟೀನನ್ನು ಹಿಡಿದುಕೊಳ್ಳುವುದರಿಂದ ಬಾಯಿ ಒಣಗಿ ಬಿಗಿದಂತಾಗುತ್ತದೆ. ಮೆಂಡೋಸಾದಲ್ಲಿ ವರ್ಷಕ್ಕೆ ಸುಮಾರು 200 ಮಿಲಿಮೀಟರ್ ಮಳೆ ಅಷ್ಟೇ, ತೋಟಕ್ಕೆ ನೀರು ಆಂಡಿಸ್ ಬೆಟ್ಟಗಳ ಹಿಮ ಕರಗಿ ಕಾಲುವೆಗಳಲ್ಲಿ ಬರಬೇಕು. ಅಲ್ಲಿನ ಊಕೊ ಕಣಿವೆಯಲ್ಲಿ 1,000 ಮೀಟರಿಗಿಂತ ಎತ್ತರದಲ್ಲೂ ಬಳ್ಳಿ ಹಬ್ಬಿಸುತ್ತಾರೆ. ಆ ಎತ್ತರದ ಬಿಸಿಲಿಗೆ ಸಿಪ್ಪೆ ದಪ್ಪವಾಗುತ್ತದೆ, ಬಣ್ಣವೂ ಒಗರೂ ಅದರಲ್ಲೇ ಇವೆ.

ಹಾಗಾಗಿ ಟ್ಯಾನಿನ್ ಎಂಬ ವಸ್ತುವಿಗೆ ಟ್ಯಾನಿನ್ ಎಂದೇ ಇರಲಿ, ನಾಲಿಗೆಗೆ ಆಗುವ ಅನುಭವಕ್ಕೆ ‘ಒಗರು’ ಎಂದು ಬರೆದಿದ್ದೇನೆ. ಆರು ರುಚಿಗಳಲ್ಲಿ ಒಂದೆಂದು ನಾವು ಎಣಿಸಿಟ್ಟುಕೊಂಡ ಪದ. ‘ತನೀನೊಸ್ ಸುಆವೆಸ್’ ಎಂದು ಶೀಶೆಯ ಹಿಂದೆ ಇರುತ್ತದಲ್ಲ, ಅದಕ್ಕೆ ‘ಮೃದು ಟ್ಯಾನಿನ್’ ಎಂದರೆ ಯಾರ ಬಾಯಿಗೂ ಏನೂ ತಿಳಿಯುವುದಿಲ್ಲ. ‘ಒಗರೊಗರು’ ಎಂದರೆ ತಿಳಿಯುತ್ತದೆ. ವೈನಿನ ಘಮ, ರುಚಿ ಹೇಳುವಾಗ ಬರುವ ‘ಎನ್ ನರೀಸ್’, ‘ಎನ್ ಬೋಕಾ’ ಎಂಬುವಕ್ಕೆ ‘ಮೂಗಿಗೆ’, ‘ಬಾಯಿಗೆ’ ಎಂದು ಚತುರ್ಥಿ ಹಚ್ಚಿದರೆ ಮುಗಿಯಿತು. ಉಗುಳುವ ಪಾತ್ರೆಗೆ ತಾಂಬೂಲದ ಮನೆಗಳ ‘ಪೀಕದಾನಿ’ ಇದೆ, ಅದಕ್ಕಿಂತ ಹಳೆಯ ‘ಪಡಿಗ’ವೂ ಇದೆ. ಪಡಿಗ ಈಗ ಯಾರಾದರೂ ಆಡುವುದನ್ನು ಕೇಳಿದ್ದೀರಾ?

‘ವೈನ್’ ಅನ್ನು ಹಾಗೇ ಇಟ್ಟಿದ್ದೇನೆ. ಕನ್ನಡ ಬೈಬಲಿನಲ್ಲಿ ‘ದ್ರಾಕ್ಷಾರಸ’ ಇದೆ, ಪದ ಚೆಂದವೂ ಇದೆ. ಆದರೆ ಪ್ರವಾಸಿಗರ ಕೈಪಿಡಿಯಲ್ಲಿ ಹಣ್ಣಿನ ರಸ ಎಂದುಕೊಂಡು ಯಾರೂ ಮೋಸಹೋಗಬಾರದು.

ನನಗೆ ನಿಜವಾಗಿ ತೊಡಕಾಗಿರುವುದು ಎರಡು. ಒಂದು ‘ಸೇಕೊ’. ಅಕ್ಷರಶಃ ಒಣ, ಅಂದರೆ ಸಿಹಿ ಉಳಿಯದ ವೈನ್. ‘ಒಣ ವೈನ್’ ಕನ್ನಡದಲ್ಲಿ ನಿಲ್ಲುವುದಿಲ್ಲ, ‘ಸಪ್ಪೆ’ ಎಂದರೆ ಬೈದಂತೆ. ಸದ್ಯಕ್ಕೆ ‘ಸಿಹಿಯಿಲ್ಲದ’ ಎಂದಿದ್ದೇನೆ. ಇನ್ನೊಂದು ‘ಕುಎರ್ಪೊ’, ಮೈ. ಬಾಯಲ್ಲಿ ಅದು ತೆಳುವೋ ತುಂಬಿಕೊಂಡಿದೆಯೋ ಎಂಬ ಲೆಕ್ಕ. ‘ಗಟ್ಟಿ’ ಎಂದರೆ ಅಮಲು ಜಾಸ್ತಿ ಎಂದು ಓದುಗರು ತಿಳಿಯುತ್ತಾರೆ. ಸಾರಿಗೆ ಹೇಳುವ ‘ಮಂದ’ ಹತ್ತಿರ ಬರುತ್ತದೆ, ಆದರೆ ವೈನ್ ಅಷ್ಟು ಮಂದವಾಗಿರುವುದಿಲ್ಲ. ಚಿಕ್ಕಮಗಳೂರು, ಕೊಡಗಿನ ಕಡೆ ಕಾಫಿಯ ರುಚಿ ನೋಡುವ ಕೆಲಸ ಮಾಡಿದವರು ಇಲ್ಲಿ ಯಾರಾದರೂ ಇದ್ದರೆ, ನೀವು ನೀವೇ ಮಾತಾಡಿಕೊಳ್ಳುವಾಗ ಇದಕ್ಕೆ ಏನೆನ್ನುತ್ತೀರಿ? ಇಂಗ್ಲಿಷ್ ಪದವನ್ನೇ ಬಳಸುತ್ತೀರಾದರೆ ಅದನ್ನೂ ತಿಳಿಸಿ.

ಮಾರ್ಚ್ ಮೊದಲ ವಾರ ಅಲ್ಲಿ ‘ವೆಂದೀಮಿಯಾ’, ದ್ರಾಕ್ಷಿ ಕೊಯ್ಲಿನ ಹಬ್ಬ. ನಮ್ಮವರು ಅದಕ್ಕೆ ಸರಿಯಾಗಿ ಹೊರಡುತ್ತಿದ್ದಾರೆ. ಕೈಪಿಡಿ ಅದಕ್ಕೆ ಹದಿನೈದು ದಿನ ಮೊದಲು ಅಚ್ಚಿಗೆ ಹೋಗಬೇಕು.