ಆರ್‌ಸಿ ಟ್ರಕ್ ಖರ್ಚು ಕೈಮೀರುತ್ತಿದೆ, ಎಲ್ಲಿ ನಿಲ್ಲಿಸಲಿ?

ಪ್ರಶ್ನೆ: ಸರ್, ನನ್ನ ಹತ್ತಿರ ರಿಮೋಟ್‌ನಿಂದ ಓಡಿಸುವ (ಆರ್‌ಸಿ) 1:10 ಅಳತೆಯ ಕ್ರಾಲರ್, ಅಂದರೆ ಕಲ್ಲು ಹತ್ತುವ ಪುಟ್ಟ ಟ್ರಕ್ ಇದೆ. ಎರಡು ವರ್ಷದಲ್ಲಿ ಅದಕ್ಕೆ ಹಾಕಿದ ದುಡ್ಡು ಟ್ರಕ್ಕಿನ ಬೆಲೆಯ ಎರಡರಷ್ಟಾಗಿದೆ. ಮೊದಲು ದೊಡ್ಡ ಟೈರ್ ಹಾಕಿದೆ. ಆಮೇಲೆ ಸ್ಟೀರಿಂಗ್ ತಿರುಗಿಸುವ ಸರ್ವೊ ಮೋಟಾರ್ ಸುಟ್ಟಿತು, 25 ಕೆಜಿ ಬಲದ ಸರ್ವೊ ಹಾಕಿದೆ. ಆಮೇಲೆ ಬ್ರಷ್‌ಲೆಸ್ ಮೋಟಾರ್, 3ಎಸ್ (ಮೂರು ಸೆಲ್‌ನ) ಬ್ಯಾಟರಿ, ಅಲ್ಯೂಮಿನಿಯಂ ಭಾಗಗಳು. ಈಗ ಕಲ್ಲಿಗೆ ಸಿಕ್ಕಿದಾಗ ಸ್ಟೀರಿಂಗ್ ತಿರುಗಿಸಿದರೆ ಟ್ರಕ್ ಒಂದು ಕ್ಷಣ ಸತ್ತ ಹಾಗೆ ನಿಂತುಬಿಡುತ್ತದೆ. ಹೋದ ವಾರದಿಂದ ಗೇರ್‌ಬಾಕ್ಸ್‌ನಿಂದ ಕಟಕಟ ಶಬ್ದ ಬೇರೆ. ಸ್ಟೀಲ್ ಗೇರ್ ಸೆಟ್ ತಗೊಳ್ಳಿ ಅಂತ ಎಲ್ಲರೂ ಹೇಳುತ್ತಿದ್ದಾರೆ. ತಗೊಳ್ಳಲಾ, ಅಥವಾ ಇಲ್ಲಿಗೇ ನಿಲ್ಲಿಸಲಾ?

ಉತ್ತರ: ಸ್ಟೀಲ್ ಗೇರ್ ಈಗಲೇ ತಗೋಬೇಡಿ. ನಾನು ಆರ್‌ಸಿ ಗಾಡಿಗಳ ರಿಪೇರಿಯನ್ನೇ ಕೆಲಸವಾಗಿ ಮಾಡುವವನು, ಮೇಜಿನ ಮೇಲೆ ಬರುವ ಟ್ರಕ್ಕುಗಳಲ್ಲಿ ಅರ್ಧಕ್ಕರ್ಧ ನಿಮ್ಮದೇ ಕತೆ. ನೀವು ಕೊಂಡ ಸಾಮಾನಿನ ಪಟ್ಟಿಯನ್ನು ಕ್ರಮವಾಗಿ ಇನ್ನೊಮ್ಮೆ ಓದಿ. ಎಲ್ಲ ಶುರುವಾದದ್ದು ಟೈರಿನಿಂದ, ಅಲ್ವಾ?

108 ಮಿಲಿಮೀಟರ್ ಟೈರ್ ತೆಗೆದು 120ರದ್ದು ಹಾಕಿದರೆ ವ್ಯಾಸ ಸುಮಾರು 11 ಶೇಕಡಾ ಹೆಚ್ಚಾಗುತ್ತದೆ. ಅಂದರೆ ಮೋಟಾರಿನ ಒಂದೊಂದು ಸುತ್ತಿಗೂ ಟ್ರಕ್ ಅಷ್ಟು ಜಾಸ್ತಿ ದೂರ ಹೋಗಬೇಕು, ಎಳೆಯುವ ಶಕ್ತಿ ಅಷ್ಟೇ ಕಡಿಮೆ. ಟೈರಿನ ತೂಕ ಬೇರೆ ಏರಿತು, ಅದೂ ತಿರುಗುವ ಜಾಗದಲ್ಲೇ. ಅದನ್ನು ತಿರುಗಿಸಲಾಗದೆ ಹಳೇ ಸರ್ವೊ ಸುಟ್ಟಿತು. ಟ್ರಕ್ ಸೊರಗಿತು ಅಂತ ಮೋಟಾರ್ ಬದಲಿಸಿದಿರಿ. 2ಎಸ್ ಬ್ಯಾಟರಿ 7.4 ವೋಲ್ಟ್, 3ಎಸ್ 11.1. ಒಂದೇ ಮೋಟಾರಿಗೆ ಅದನ್ನು ಕೊಟ್ಟರೆ ಸುತ್ತು ಒಂದೂವರೆ ಪಟ್ಟು. ಆ ಏಟೆಲ್ಲ ಹೋಗಿ ಬೀಳುವುದು ಗೇರಿನ ಹಲ್ಲಿಗೆ. ಈಗ ಗೇರನ್ನೂ ಸ್ಟೀಲ್ ಮಾಡಿದರೆ ಏಟು ಡ್ರೈವ್‌ಶಾಫ್ಟಿಗೆ ಹೋಗುತ್ತದೆ, ಅದನ್ನು ಗಟ್ಟಿ ಮಾಡಿದರೆ ಆಕ್ಸಲ್ಲಿಗೆ. ಮುಂದಿನ ಬಿಲ್ಲು ಯಾವುದು ಅಂತ ನಾನು ಈಗಲೇ ಹೇಳಬಲ್ಲೆ.

ಮೊದಲ ದಿನವೇ ಪಿನಿಯನ್, ಅಂದರೆ ಮೋಟಾರಿನ ತುದಿಯ ಪುಟ್ಟ ಗೇರ್, ಬದಲಿಸಿದ್ದರೆ ಸಾಕಾಗಿತ್ತು. 14 ಹಲ್ಲಿನದು ಇದ್ದರೆ 13 ಅಥವಾ 12ರದ್ದು ಹಾಕಿ. ಇಡೀ ಟ್ರಕ್ಕಿನಲ್ಲೇ ತೀರಾ ಅಗ್ಗದ ಭಾಗಗಳಲ್ಲಿ ಅದೂ ಒಂದು, ಟೈರ್ ಕದ್ದುಕೊಂಡ ಶಕ್ತಿಯನ್ನು ಅದು ವಾಪಸ್ ಕೊಡುತ್ತದೆ. ಕ್ರಾಲರಿಗೆ ವೇಗ ಏನೂ ಬೇಕಿಲ್ಲ, ನಿಧಾನವಾಗಿ ಕಲ್ಲು ಹತ್ತಬೇಕು. ಹಾಗಾಗಿ 2ಎಸ್‌ಗೆ ವಾಪಸ್ ಬನ್ನಿ.

ಇನ್ನು ಟ್ರಕ್ ಒಂದು ಕ್ಷಣ ಸಾಯುವ ವಿಷಯ. ಮುಂದಿನ ಚಕ್ರ ಕಲ್ಲಿಗೆ ಒತ್ತಿಕೊಂಡಿರುವಾಗ ಸ್ಟೀರಿಂಗ್ ಪೂರ್ತಿ ತಿರುಗಿಸಿ, ಹೆಡ್‌ಲೈಟ್ ಇದ್ದರೆ ಅದನ್ನೇ ನೋಡುತ್ತಾ ಇರಿ. ಲೈಟ್ ಮಂಕಾಗಿ, ಸರ್ವೊ ಗುಂಯ್ ಅಂದು, ರಿಸೀವರ್ ಬಲ್ಬ್ ಆರಿ ಮತ್ತೆ ಹತ್ತಿದರೆ ಕಾರಣ ಸಿಕ್ಕಿತು ಅಂತಲೇ. ದೊಡ್ಡ ಸರ್ವೊ ಸಿಕ್ಕಿಹಾಕಿಕೊಂಡಾಗ 4-5 ಆಂಪಿಯರ್ ಎಳೆಯಬಹುದು. ಮೋಟಾರಿನ ವೇಗ ನಿಯಂತ್ರಿಸುವ ಇಎಸ್‌ಸಿ ಒಳಗಿನ ಬಿಇಸಿ, ಅಂದರೆ ಸರ್ವೊಗೆ ಕರೆಂಟ್ ಕೊಡುವ ಭಾಗ, ಎಷ್ಟೋ ಟ್ರಕ್ಕುಗಳಲ್ಲಿ 3 ಆಂಪಿಯರ್ ಕೊಡುವುದೇ ಹೆಚ್ಚು. ವೋಲ್ಟೇಜ್ ಕುಸಿದು ರಿಸೀವರ್ ರೀಸೆಟ್ ಆಗುತ್ತದೆ. ಬೇರೆಯಾಗಿ ಒಂದು ಪುಟ್ಟ ಬಿಇಸಿ ಹಾಕಿ, ಅಷ್ಟೇ. ಇದಕ್ಕೆ ಹೊಸ ಇಎಸ್‌ಸಿ ಕೊಳ್ಳುವುದು ದಂಡ.

ಗೇರ್‌ಬಾಕ್ಸ್ ಬಿಚ್ಚಿ ನೋಡಿ, ಮೋಟಾರ್ ಹತ್ತಿರದ ದೊಡ್ಡ ಗೇರಿನ ಫೋಟೊ ಹಾಕಿ. ಆಮೇಲೆ ಉಳಿದದ್ದು ಮಾತಾಡೋಣ.

ಇನ್ನೊಬ್ಬರು: ಅಲ್ಯೂಮಿನಿಯಂ ಹಾಕಿದರೆ ಮುರಿಯುವುದೇ ಇಲ್ಲ ಅಂತಾರಲ್ಲ, ಹಾಗಾದರೆ ಕೊನೆಗೆ ಅದೇ ಉಳಿತಾಯ ಅಲ್ವಾ?

ಉತ್ತರ: ಎಲ್ಲ ಕಡೆ ಅಲ್ಲ. ಮುಂದಿನ ಚಕ್ರ ಕೂರುವ ಸ್ಟೀರಿಂಗ್ ನಕಲ್, ಸರ್ವೊ ತುದಿಯ ಪುಟ್ಟ ತೋಳಾದ ಹಾರ್ನ್, ಇವಕ್ಕೆ ಲೋಹ ಸರಿ. ಪ್ಲಾಸ್ಟಿಕ್ ಹಾರ್ನಿನ ಒಳಗಿನ ಸಣ್ಣ ಹಲ್ಲುಗಳು ಸವೆದು ನುಣ್ಣಗಾದದ್ದನ್ನು ನಾನು ದಿನಾ ನೋಡುತ್ತೇನೆ. ಸರ್ವೊ ತಿರುಗುತ್ತಿರುತ್ತದೆ, ಚಕ್ರ ತಿರುಗುವುದಿಲ್ಲ, ಜನ ಹೊಸ ಸರ್ವೊ ಆರ್ಡರ್ ಮಾಡಿಬಿಡುತ್ತಾರೆ! ಆದರೆ ಹಾರಿಸಿ ಓಡಿಸುವ ಟ್ರಕ್ಕಿನ ಸಸ್ಪೆನ್ಷನ್ ಆರ್ಮ್ ಪ್ಲಾಸ್ಟಿಕ್ಕೇ ಇರಲಿ. ಅದು ಬಾಗಿ ವಾಪಸ್ ಬರುತ್ತದೆ. ಅಲ್ಯೂಮಿನಿಯಂ ಒಮ್ಮೆ ಬಾಗಿದರೆ ಬಾಗಿದಂತೆಯೇ. ಬಾಗದಿದ್ದರೆ ಇನ್ನೂ ತೊಂದರೆ, ಏಟನ್ನು ತಾನು ತಿನ್ನದೆ ಪಕ್ಕದ ದುಬಾರಿ ಭಾಗಕ್ಕೆ ದಾಟಿಸುತ್ತದೆ. ಪ್ಲಾಸ್ಟಿಕ್ ಆರ್ಮ್ ಮುರಿದರೆ ಅದು ತನ್ನ ಕೆಲಸ ಮಾಡಿತು ಅಂತ ತಿಳಿದುಕೊಳ್ಳಿ.

ಇನ್ನೊಬ್ಬರು: ಹಾಗಾದರೆ ನಿಜವಾಗಿ ದುಡ್ಡು ಹಾಕಬೇಕಾದದ್ದು ಯಾವುದಕ್ಕೆ?

ಉತ್ತರ: ಬೇರಿಂಗ್. ಬೇರಿಂಗ್ ಜಾಗದಲ್ಲಿ ಪ್ಲಾಸ್ಟಿಕ್ ಬುಷ್ ಇದ್ದರೆ ಮೊದಲು ಅದನ್ನು ತೆಗೆದು ಬೇರಿಂಗ್ ಹಾಕಿ, ಮೋಟಾರ್ ತಣ್ಣಗಿರುತ್ತದೆ, ಬ್ಯಾಟರಿ ಇನ್ನಷ್ಟು ಹೊತ್ತು ಬರುತ್ತದೆ. ಆದರೆ ಟ್ರಕ್ಕಿನ ಹೆಸರು ಬರೆದ ಪ್ಯಾಕೆಟ್ ಕೊಳ್ಳಬೇಡಿ. ಬೇರಿಂಗ್‌ಗೆ ಅಳತೆ ಇರುತ್ತದೆ, 5x11x4 ಮಿಲಿಮೀಟರ್, 10x15x4 ಮಿಲಿಮೀಟರ್, ಹೀಗೆ. ಅದೇ ಅಳತೆಯದು ಬೇರಿಂಗ್ ಮಾರುವ ಕಡೆ ಬಹಳ ಕಡಿಮೆಗೆ ಸಿಗುತ್ತದೆ. ಸ್ಕ್ರೂ ಕೂಡ ಹಾಗೇ, 1:10 ಟ್ರಕ್ಕುಗಳಲ್ಲಿ ಹೆಚ್ಚಿನವು ಎಂ3, ಅಂದರೆ 3 ಮಿಲಿಮೀಟರ್ ದಪ್ಪದವು.

ಆಮೇಲೆ ಮೆತ್ತಗಿನ ರಬ್ಬರಿನ ಟೈರ್, ಅದೂ ಮೊದಲಿನ ಅಳತೆಯದೇ. ಅದಕ್ಕೂ ಮುಂಚೆ ಈಗಿರುವ ಟೈರ್ ಬಿಚ್ಚಿ ಒಳಗಿನ ಫೋಮ್‌ಗೆ ಕತ್ತರಿಯಿಂದ ಅಲ್ಲಲ್ಲಿ ಸೀಳು ಕೊಟ್ಟು ನೋಡಿ. ಟೈರ್ ಕಲ್ಲಿನ ಮೇಲೆ ಹಿಟ್ಟಿನ ಹಾಗೆ ಕೂರುತ್ತದೆ. ಭಾರ ಹೆಚ್ಚಿಸಲು ಕೆಲವರು ಹಾಕುವ ಹಿತ್ತಾಳೆಯ ಭಾಗಗಳ ಬದಲು ಮುಂದಿನ ಚಕ್ರದ ರಿಮ್ ಒಳಗೆ ಅಂಟಿಸುವ ತೂಕದ ಪಟ್ಟಿ ಹಾಕಿದರೂ ಭಾರ ಕೆಳಗೆ ಬರುತ್ತದೆ, ಟ್ರಕ್ ಪಲ್ಟಿ ಹೊಡೆಯುವುದು ಕಡಿಮೆಯಾಗುತ್ತದೆ. ಪೂರ್ತಿ ಹಿತ್ತಾಳೆ ಮಾಡಿದವರ ಸರ್ವೊ, ಆಕ್ಸಲ್ ಆಮೇಲೆ ನನ್ನ ಹತ್ತಿರ ಬರುತ್ತವೆ.

ಇನ್ನೊಬ್ಬರು: ನನಗೆ ಬ್ಯಾಟರಿ ಖರ್ಚೇ ಜಾಸ್ತಿ. ವರ್ಷಕ್ಕೆ ಎರಡು ಲಿಪೊ ಊದಿಕೊಳ್ಳುತ್ತವೆ. ಬೆಲೆ ಬೇರೆ ಏರುತ್ತಲೇ ಇದೆ.

ಉತ್ತರ: ಬೆಲೆಗೆ ಒಂದು ಕಾರಣ ಸಾಗಣೆ. ಬಿಡಿ ಲಿಥಿಯಂ ಅಯಾನ್ ಬ್ಯಾಟರಿಯನ್ನು, ಲಿಪೊ ಕೂಡ ಅದರಲ್ಲೇ ಬರುತ್ತದೆ, 2016ರಿಂದ ಪ್ರಯಾಣಿಕರ ವಿಮಾನದಲ್ಲಿ ಸರಕಾಗಿ ಕಳಿಸುವಂತಿಲ್ಲ. ಸರಕು ವಿಮಾನದಲ್ಲೂ ಚಾರ್ಜ್ 30 ಶೇಕಡಾ ಮೀರಬಾರದು. ಪ್ಯಾಕಿಂಗ್, ಕಾಗದಪತ್ರ ಎಲ್ಲ ಸೇರಿ ಬೆಲೆಗೆ ಬಂದು ಕೂರುತ್ತದೆ. ಅದು ನಮ್ಮ ಕೈಯಲ್ಲಿಲ್ಲ.

ಊದಿಕೊಳ್ಳುವುದನ್ನು ನಾವು ತಡೆಯಬಹುದು. ಭಾನುವಾರ ಓಡಿಸೋಣ ಅಂತ ಶನಿವಾರ ಪೂರ್ತಿ ಚಾರ್ಜ್ ಮಾಡುತ್ತೀರಿ, ಮಳೆ ಬರುತ್ತದೆ, ಬ್ಯಾಟರಿ ಹಾಗೇ ಮೂರು ವಾರ ಡ್ರಾಯರಿನಲ್ಲಿ ಕೂರುತ್ತದೆ. ಲಿಪೊ ಹಾಳಾಗುವುದು ಹೀಗೇ. ಸೆಲ್‌ಗೆ 4.2 ವೋಲ್ಟ್ ಅಂದರೆ ಪೂರ್ತಿ ತುಂಬಿದ ಹಾಗೆ, ಇಡಬೇಕಾದದ್ದು 3.8ರಲ್ಲಿ. ಚಾರ್ಜರ್‌ನಲ್ಲಿ ಸ್ಟೋರೇಜ್ ಅಂತ ಇರುತ್ತದೆ, ಅದನ್ನು ಒತ್ತಿ. ಕೆಳಗೆ 3.3, 3.4ಕ್ಕೇ ಓಡಿಸುವುದು ನಿಲ್ಲಿಸಿ. ಊದಿದ್ದನ್ನು ಮಾತ್ರ ಮತ್ತೆ ಚಾರ್ಜ್ ಮಾಡಬೇಡಿ, ಬೆಂಕಿ ಹೊತ್ತಿಕೊಳ್ಳಬಹುದು. ಉಳಿತಾಯದ ಮಾತು ಅಲ್ಲಿ ಬೇಡ.

ಇನ್ನೊಬ್ಬರು: ನಾನು ಓಡಿಸುವುದು ಕಡಿಮೆ, ಹಳೇ ಟ್ರಕ್ ಕೂಡಿಡುತ್ತೇನೆ. ಬೆಲೆ ಕೇಳಿದರೆ ತಲೆ ತಿರುಗುತ್ತದೆ. ಆದರೂ ಮುಂದೆ ಇನ್ನೂ ಏರುತ್ತದೆ ಅಂತ ಕೊಳ್ಳುವುದು ಸರಿನಾ?

ಉತ್ತರ: ಇಷ್ಟಪಟ್ಟು ಕೊಳ್ಳಿ, ಏರುತ್ತದೆ ಅಂತ ಕೊಳ್ಳಬೇಡಿ. ಜಪಾನಿನ ತಮಿಯಾ ಕಂಪನಿಯ ಬ್ರೂಸರ್ ಗೊತ್ತಲ್ಲ, ಮೂರು ಗೇರಿನ 4x4 ಪಿಕಪ್. 1985ರದ್ದು. ಎಷ್ಟೋ ವರ್ಷ ಸಿಗದ ವಸ್ತುವಾಗಿತ್ತು, 2012ರಲ್ಲಿ ಕಂಪನಿಯೇ ಮತ್ತೆ ಬಿಡುಗಡೆ ಮಾಡಿತು. ಓಡಿಸಬೇಕು ಅನ್ನುವವರಿಗೆ ಅದೇ ಸಾಕಾಯಿತು. ಹೀಗೆ ಮತ್ತೆ ಬರಬಹುದಾದ ಮಾಡೆಲ್ಲಿಗೆ ಸಾಲ ಮಾಡಬೇಡಿ. ಹಳೆಯದನ್ನು ಕೊಳ್ಳುವ ಮುಂಚೆ ಟೈರಿನ ಪಕ್ಕವನ್ನು ಉಗುರಿನಿಂದ ಒತ್ತಿ, ಸಣ್ಣ ಬಿರುಕು ಬಾಯಿ ತೆರೆಯುತ್ತದೆಯಾ ನೋಡಿ. ಬ್ಯಾಟರಿ ಜಾಗದ ತಾಮ್ರದ ಪಟ್ಟಿ ಹಸಿರಾಗಿದೆಯಾ ನೋಡಿ. ಹಳೇ ಬಾಡಿಯ ಪ್ಲಾಸ್ಟಿಕ್ ಒಣಗಿ ಗಾಜಿನ ಹಾಗೆ ಒಡೆಯುತ್ತದೆ, ಸ್ಕ್ರೂ ಕೂರುವ ಜಾಗದಲ್ಲೇ ಮೊದಲು.

ಇನ್ನೊಬ್ಬರು: ಹೊಸಬರು ಚಿಕ್ಕ ಅಳತೆಯಿಂದ ಶುರು ಮಾಡಿದರೆ?

ಉತ್ತರ: ಒಳ್ಳೆಯ ದಾರಿ. ಅಳತೆ ಇಳಿದ ಹಾಗೆ ತೂಕ ಇನ್ನೂ ಬೇಗ ಇಳಿಯುತ್ತದೆ. ಲೆಕ್ಕದ ಪ್ರಕಾರ 1:18 ಟ್ರಕ್ಕಿನ ತೂಕ 1:10ರದ್ದರ ಆರನೇ ಒಂದು ಭಾಗ. ಬಿದ್ದರೂ ಏಟು ಕಡಿಮೆ, ಬ್ಯಾಟರಿ ಪುಟ್ಟದು, ನಾಲ್ಕು ಪುಸ್ತಕ ಜೋಡಿಸಿದರೆ ಅದೇ ಬೆಟ್ಟ. ಪ್ಯಾಕೆಟ್ ಚಿಕ್ಕದು ಅಂತ ಸುಮ್ನೆ ಭಾಗಗಳನ್ನು ಗುಡ್ಡೆ ಹಾಕಬೇಡಿ, ಅಷ್ಟೇ.

ಮೊದಲು ಕೇಳಿದವರು: ಸರ್, ಗೇರ್‌ಬಾಕ್ಸ್ ಬಿಚ್ಚಿದೆ, ಫೋಟೊ ಹಾಕಿದ್ದೇನೆ. ಒಳಗಿನ ಗೇರ್‌ಗಳೆಲ್ಲ ಚೆನ್ನಾಗಿವೆ. ಮೋಟಾರ್ ಹತ್ತಿರದ ಪ್ಲಾಸ್ಟಿಕ್ ಸ್ಪರ್ ಗೇರಿನ ಎರಡು ಹಲ್ಲು ಮಾತ್ರ ತುದಿ ಕರಗಿದ ಹಾಗೆ ಕಾಣುತ್ತಿವೆ.

ಉತ್ತರ: ಹಾಗಾದರೆ ಉಳಿದುಕೊಂಡಿರಿ. ಒಳಗಿನದು ಯಾವುದನ್ನೂ ಮುಟ್ಟಬೇಡಿ, ಅದೇ ಪ್ಲಾಸ್ಟಿಕ್ಕಿನ ಹೊಸ ಸ್ಪರ್ ಒಂದು ಸಾಕು, ಜೊತೆಗೆ 12 ಹಲ್ಲಿನ ಪಿನಿಯನ್. ಕೂರಿಸುವಾಗ ಎರಡು ಗೇರಿನ ನಡುವೆ ಒಂದು ಕಾಗದದ ಪಟ್ಟಿ ಇಟ್ಟು, ಮೋಟಾರನ್ನು ಅದಕ್ಕೆ ಒತ್ತಿ ಹಿಡಿದು ಸ್ಕ್ರೂ ಬಿಗಿ ಮಾಡಿ, ಆಮೇಲೆ ಗೇರ್ ತಿರುಗಿಸಿ ಪಟ್ಟಿ ಹೊರಗೆ ತನ್ನಿ. ಅದು ನೆರಿಗೆ ನೆರಿಗೆಯಾಗಿ ಬರಬೇಕು, ಹರಿಯಬಾರದು. ಹರಿದರೆ ಬಿಗಿ ಜಾಸ್ತಿಯಾಯಿತು, ಸಡಿಲಿಸಿ ಮತ್ತೆ ಮಾಡಿ. ಒಂದು ಬ್ಯಾಟರಿ ಓಡಿಸಿ ಮೋಟಾರ್ ಮೇಲೆ ಬೆರಳಿಡಿ, ಮೂರು ಸೆಕೆಂಡ್ ತಡೆಯಲಾಗದಷ್ಟು ಬಿಸಿಯಿದ್ದರೆ ಇಲ್ಲೇ ಬಂದು ಹೇಳಿ.