ಹಿಮಾಚಲದ ಹಂಪ್ಟಾ ಪಾಸ್ ಟ್ರೆಕ್‌ಗೆ 10,000 ಎಂಎಎಚ್ ಪವರ್ ಬ್ಯಾಂಕ್ ಸಾಕಾ?

ಪ್ರಶ್ನೆ: ಜೂನ್‌ನಲ್ಲಿ ಬೆಂಗಳೂರಿಂದ ಹೊರಟಿದ್ದೀವಿ. ದಾರೀಲಿ ಕರೆಂಟ್ ಇಲ್ಲ. ನಂದು 5,000 ಎಂಎಎಚ್ ಫೋನ್, ಜೊತೆಗೊಂದು ಹೆಡ್‌ಲ್ಯಾಂಪ್. 10,000ದ್ದು ಸಾಕಾ, ಸೋಲಾರ್ ಇರೋದು ತಗೊಳ್ಳಲಾ?

ಉತ್ತರ: ಗುರು, ಆ 10,000 ಒಳಗಿನ 3.7 ವೋಲ್ಟ್ ಸೆಲ್‌ನ ಲೆಕ್ಕ. 5 ವೋಲ್ಟ್‌ಗೆ ಏರಿಸಿ ಹೊರಗೆ ಬರೋದು ಸುಮಾರು 6,000. ಫೋನು ಒಂದೂವರೆ ಸಲ ತುಂಬಿದ್ರೆ ನಿಮ್ಮ ಪುಣ್ಯ. ಫೋನನ್ನ ಏರೋಪ್ಲೇನ್ ಮೋಡ್‌ನಲ್ಲಿಟ್ಟು ಬರೀ ಫೋಟೋ ತೆಗೆಯೋರಿಗೆ ಸಾಕು. ಜಿಪಿಎಸ್ ಟ್ರ್ಯಾಕ್ ಹಾಕೋರಾದ್ರೆ ಕಣ್ಣುಮುಚ್ಚಿ 20,000ದ್ದು ತಗೊಳ್ಳಿ. ಅಂಗೈಯಗಲದ ಸೋಲಾರ್ ಬರೀ ಶೋಕಿ.

ಉತ್ತರ: 20,000 ಎಂಎಎಚ್ ಅಂದ್ರೆ 3.7 ವೋಲ್ಟ್ ಲೆಕ್ಕದಲ್ಲಿ 74 ವ್ಯಾಟ್ ಅವರ್, ವಿಮಾನದಲ್ಲಿ ಪವರ್ ಬ್ಯಾಂಕ್‌ಗಿರೋ 100 ವ್ಯಾಟ್ ಅವರ್ ಮಿತಿಯೊಳಗೇ ಇದೆ. ಆದ್ರೆ ಚೆಕ್-ಇನ್ ಲಗೇಜಿಗೆ ಹಾಕಂಗಿಲ್ಲ, ಕೈಲಿರೋ ಬ್ಯಾಗಲ್ಲೇ ಇಟ್ಕೊಳ್ಳಿ.

ಉತ್ತರ: ರಾತ್ರಿ ಪವರ್ ಬ್ಯಾಂಕನ್ನ ಸಾಕ್ಸ್‌ನಲ್ಲಿ ಸುತ್ತಿ ಸ್ಲೀಪಿಂಗ್ ಬ್ಯಾಗೊಳಗೆ ಇಡಿ. (ಒಗೆದಿರೋ ಸಾಕ್ಸ್, ದಯವಿಟ್ಟು.) ಚಳಿಗೆ ಬ್ಯಾಟರಿ ಕೈಕೊಡುತ್ತೆ.

ಪ್ರಶ್ನೆ ಕೇಳಿದವರು: ಸರಿ, 20,000ದ್ದೇ. ಹೆಡ್‌ಲ್ಯಾಂಪ್ ಕೇಬಲ್ ಬೇರೆ, ಅದನ್ನೂ ಬ್ಯಾಗಿಗೆ ಹಾಕ್ಕೋಬೇಕು.